ಸೀರೆ ಬೀಸುವವನ ಸೊಂಟ

ಮೊದಲೇ ಹೇಳಿಬಿಡುತ್ತೇನೆ, ನನ್ನ ಎಡಗಾಲಿನ ಹೆಬ್ಬೆರಳು ಈಗ ಮೇಲೇಳುತ್ತದೆ. ಬೇಕಾದರೆ ಬಂದು ನೋಡಿ. ಕಂಡಕಂಡವರಿಗೆಲ್ಲ ತೋರಿಸುವುದನ್ನು ನೋಡಿ ನನ್ನ ಹೆಂಡತಿ ರತ್ನ, "ಸಾಕು ಬಿಡ್ರೀ, ಹೆಬ್ಬೆರಳು ಎಲ್ಲಾರಿಗೂ ಐತೆ" ಅಂತ ಬೈಯುತ್ತಾಳೆ. ಎಲ್ಲರಿಗೂ ಇದೆ, ನಿಜ. ಆದರೆ ಮಾತು ಕೇಳುವುದನ್ನು ಬಿಟ್ಟಿದ್ದ ಹೆಬ್ಬೆರಳು ಒಂದು ಬೆಳಿಗ್ಗೆ ಮತ್ತೆ ಮಾತು ಕೇಳಿದರೆ ಎಷ್ಟು ಸಂತೋಷವಾಗುತ್ತದೆ ಅನ್ನುವುದು ಎಲ್ಲರಿಗೂ ಗೊತ್ತಿರುವುದಿಲ್ಲ. ಬೆನ್ನು ನೋವಿಗೆ ಕಡಿಮೆ ಖರ್ಚಿನ ಎಣ್ಣೆ, ಮುಲಾಮು ಹುಡುಕುತ್ತ ಅಲೆಯುವವರು ನನ್ನ ಹಾಗೆ ಬೇಕಾದಷ್ಟು ಜನ ಇದ್ದಾರೆ. ಅವರಲ್ಲಿ ಯಾರಾದರೂ ಓದಿ, "ಅಯ್ಯೋ, ಇವನದೂ ನನ್ನದೇ ಕಥೆ" ಅಂದುಕೊಂಡರೆ ಸಾಕು ಅಂತ ಬರೆಯುತ್ತಿದ್ದೇನೆ.

ನಾನು ದಾವಣಗೆರೆಯ ಒಂದು ಜವಳಿ ಅಂಗಡಿಯಲ್ಲಿ ಸೀರೆ ತೋರಿಸುವವನು. ಹೆಸರು ಕೊಟ್ರೇಶ. ನಮ್ಮದು ಹಳೆಯ ಕಾಲದ ಅಂಗಡಿ. ಒಳಗೆ ಉದ್ದಕ್ಕೂ ಬಿಳಿ ಹೊದಿಕೆಯ ಗಾದಿ ಹಾಸಿರುತ್ತದೆ. ಗಿರಾಕಿಗಳು ಚಪ್ಪಲಿ ಹೊರಗೆ ಬಿಟ್ಟು ಬಂದು ಗಾದಿಯ ಆ ಕಡೆ ಕೂರುತ್ತಾರೆ, ನಾವು ಈ ಕಡೆ ಚಕ್ಕಳಮಕ್ಕಳ ಹಾಕಿಕೊಂಡು ಕೂರುತ್ತೇವೆ. ಮದುವೆ ಜವಳಿ ತೆಗೆಯಲು ಬಂದರೆ ಇಡೀ ಮನೆತನವೇ ಬರುತ್ತದೆ. ಬೆಳಿಗ್ಗೆ ಕೂತವರು ಮಧ್ಯಾಹ್ನದ ಊಟಕ್ಕೂ ಏಳುವುದಿಲ್ಲ, ಮಂಡಕ್ಕಿ ಮೆಣಸಿನಕಾಯಿ ಅಲ್ಲಿಗೇ ತರಿಸಿಕೊಳ್ಳುತ್ತಾರೆ.

ಮಡಚಿದ ಸೀರೆಯನ್ನು ಯಾರೂ ಕೊಳ್ಳುವುದಿಲ್ಲ. ಅದನ್ನು ಬೀಸಬೇಕು. ಹಿಂದಿನ ರಾಶಿಯಿಂದ ಸೊಂಟ ತಿರುಗಿಸಿ ಎಳೆದು, ಮುಂದಕ್ಕೆ ಬಗ್ಗಿ, ಒಂದೇ ಏಟಿಗೆ ಸೆರಗು ಮದುಮಗಳ ಮುಂದೆ ಬಂದು ಬೀಳುವ ಹಾಗೆ ಬಿಚ್ಚಬೇಕು. ಈ ಬೀಸು ನಮ್ಮ ಅಂಗಡಿಯಲ್ಲಿ ನನಗೆ ಕೂತ ಹಾಗೆ ಬೇರೆ ಯಾರಿಗೂ ಕೂತಿಲ್ಲ. ಇದು ಜಂಬವೇ, ಒಪ್ಪಿಕೊಳ್ಳುತ್ತೇನೆ. ಹರಿಹರ, ಆನಗೋಡು, ಕೊಂಡಜ್ಜಿ ಕಡೆಯವರು ಬಾಗಿಲಲ್ಲೇ "ಕೊಟ್ರೇಶಿ ಅದಾನೇನ್ರಿ?" ಅಂತ ಕೇಳಿಕೊಂಡು ಒಳಗೆ ಬರುತ್ತಾರೆ. ನಮ್ಮ ಸಾಹುಕಾರ್ರದ್ದು ಒಂದು ಮಾತಿದೆ: "ನಿಂತು ಮಾರೋದು ತರಕಾರಿ, ಕೂತು ಮಾರೋದು ಜವಳಿ." ಗಾದಿ ಅಂದರೆ ಅವರಿಗೆ ಲಕ್ಷ್ಮಿ. ಗಾದಿಯ ಮೇಲೆ ಕೂರಲು ಆಗದವನಿಗೆ ಗೋದಾಮಿನಲ್ಲಿ ಗಂಟು ಎಣಿಸುವ ಕೆಲಸ ಅಷ್ಟೆ.

ಆ ಗಾದಿಯ ಮೇಲೇ ನನ್ನ ಸೊಂಟ ಹಿಡಿದುಕೊಂಡಿತು. ಮದುವೆ ಹಂಗಾಮು. ಧಾರೆ ಸೀರೆಯೊಂದನ್ನು ಬೀಸಿದೆ, ಸೆರಗು ಬಿದ್ದಲ್ಲಿ ಬಿತ್ತು, ನಾನು ಬಗ್ಗಿದಲ್ಲೇ ಉಳಿದೆ. ಸೊಂಟದಲ್ಲಿ ಚಳಕ್ ಅಂದಿತು ನೋಡಿ, ಕಣ್ಣಲ್ಲಿ ನೀರು ಬಂತು. ಹುಡುಗಿಯ ಸೋದರತ್ತೆ, "ನೋಡ್ರಿ, ಎಷ್ಟು ಬಗ್ಗಿ ಮರ್ಯಾದೆ ಕೊಟ್ಟು ತೋರಿಸ್ತಾನೆ" ಅಂದಳು. ನಾನು ಬಗ್ಗಿಕೊಂಡೇ ಆ ಸೀರೆ ಮಾರಿದೆ.

ಅಲ್ಲಿಂದ ಶುರುವಾಯಿತು ನನ್ನ ಎಣ್ಣೆ ಯಾತ್ರೆ. ಡಾಕ್ಟರ ಹತ್ತಿರ ಹೋಗಲಿಲ್ಲ. ಖರ್ಚಿನ ಭಯ ಒಂದು ಕಡೆ ಇತ್ತು. ನಿಜವಾದ ಭಯ ಬೇರೆಯೇ. "ಇನ್ನು ಗಾದಿ ಮೇಲೆ ಕೂರಬ್ಯಾಡ" ಅಂತ ಡಾಕ್ಟರು ಅಂದುಬಿಟ್ಟರೆ? ಎಣ್ಣೆ ಹಾಗೆ ಅನ್ನುವುದಿಲ್ಲ. ಎಣ್ಣೆ ಸುಮ್ಮನೆ ಹಚ್ಚಿಸಿಕೊಳ್ಳುತ್ತದೆ.

ಹಚ್ಚಿದ್ದು ಒಂದೇ ಎರಡೇ! ಕಿರಾಣಿ ಅಂಗಡಿಯ ಸಣ್ಣ ಡಬ್ಬಿಯ ಮುಲಾಮು ಮೊದಲು. ಆಮೇಲೆ ಔಷಧಿ ಅಂಗಡಿಯ ಅಂಟುಪಟ್ಟಿ, ಅದನ್ನು ಕೀಳುವಾಗ ಆಗುವ ನೋವಿನ ಮುಂದೆ ಸೊಂಟದ ನೋವು ಮರೆತೇಹೋಗುತ್ತದೆ. ಆಮೇಲೆ ಹರಳೆಣ್ಣೆ ಸವರಿ ಬಿಸಿ ಮಾಡಿದ ಎಕ್ಕದ ಎಲೆ. ಆಮೇಲೆ ಕೊಬ್ಬರಿ ಎಣ್ಣೆಯಲ್ಲಿ ಕರಗಿಸಿದ ಕರ್ಪೂರ. ಹೊಸ ಡಬ್ಬಿಯ ಮುಚ್ಚಳ ತೆಗೆದಾಗ ಘಾಟು ಮೂಗಿಗೆ ಬಡಿಯುತ್ತಿದ್ದಂತೆ ನನಗೆ ಅರ್ಧ ನೋವು ಹೋದ ಹಾಗೆ ಆಗುತ್ತಿತ್ತು. ಪ್ರತಿ ಸಲವೂ, "ರತ್ನ, ಈ ಸಲ ಸಿಕ್ತು ನೋಡು!" ಅನ್ನುತ್ತಿದ್ದೆ.

"ಹೋದ ವಾರನೂ ಸಿಕ್ಕಿತ್ತು" ಅನ್ನುತ್ತಿದ್ದಳು ಅವಳು. "ಮನಿ ಹೋಗಿ ಗ್ರಂಧಿಗೆ ಅಂಗಡಿ ಆಗೈತೆ. ನಿನ್ನೆ ಸಾರಿಗೆ ಒಗ್ಗರಣೆ ಹಾಕಿದ್ರೆ ಕರ್ಪೂರದ ವಾಸನೆ ಬಂತು."

ಹರಿಹರದಲ್ಲಿ ನಮ್ಮ ಅಕ್ಕ ಇದ್ದಾಳೆ, ಗಂಗಕ್ಕ. ಕುಸುಬಿ ಎಣ್ಣೆಯಲ್ಲಿ ಬೆಳ್ಳುಳ್ಳಿ ಕಾಯಿಸಿ ಇಟ್ಟಿದ್ದೇನೆ, ಲಕ್ಕಿ ಸೊಪ್ಪೂ ತರಿಸಿದ್ದೇನೆ, ಬಾ ಅಂತ ಫೋನು ಮಾಡಿದಳು. ಅಂಗಡಿಗೆ ರಜೆ ಇದ್ದ ದಿನ ಬಸ್‌ಸ್ಟ್ಯಾಂಡಿಗೆ ಹೋಗಿ ಹರಿಹರದ ಬಸ್ಸು ಹತ್ತಿ ಕೂತೆ. ಬಸ್ಸು ಹೊರಡುವ ಮೊದಲು ಒಬ್ಬ ಮನುಷ್ಯ ಹೆಗಲಿಗೆ ಚೀಲ ಹಾಕಿಕೊಂಡು ಹತ್ತಿದ. ಕೈಯಲ್ಲಿ ಹಸಿರು ಬಾಟಲಿ.

"ಅಣ್ಣಾವ್ರೆ, ಅಕ್ಕಾವ್ರೆ, ಸೊಂಟ ನೋವು, ಮಂಡಿ ನೋವು, ಕೀಲು ನೋವು! ದವಾಖಾನೆಗೆ ಹೋಗಿ ಸಾಕಾಗಿ ಬಂದವ್ರು ಕೈ ಮುಂದೆ ಹಿಡೀರಿ. ದುಡ್ಡು ಬ್ಯಾಡ, ಬರೀ ಕೈ ಹಿಡೀರಿ!"

ನಾನು ಕೈ ಹಿಡಿಯಲಿಲ್ಲ. ಮಾರಾಟದ ವರಸೆ ನನಗೆ ಗೊತ್ತಿಲ್ಲವೇ? ಮೊದಲು ಗಿರಾಕಿಯ ಕೈಗೆ ಮಾಲು ಮುಟ್ಟಿಸಬೇಕು, ಮುಟ್ಟಿದವನು ಅರ್ಧ ಕೊಂಡ ಹಾಗೆ. ಅವನು ಅದನ್ನೇ ಮಾಡುತ್ತಿದ್ದ. ದನಿ ಎಲ್ಲಿ ಏರಿಸಬೇಕು, ಎಲ್ಲಿ ತಗ್ಗಿಸಬೇಕು, ಯಾರನ್ನು ನೋಡದ ಹಾಗೆ ನೋಡಬೇಕು, ಎಲ್ಲವೂ ಸರಿಯಾಗಿತ್ತು. ಕೊಂಚ ಅವಸರ ಮಾಡುತ್ತಾನೆ, ಅಷ್ಟೇ ತಪ್ಪು ಅಂದುಕೊಳ್ಳುತ್ತ ನೋಡುತ್ತಿದ್ದೆ. ಅಷ್ಟರಲ್ಲಿ ನನ್ನ ಅಂಗೈಯಲ್ಲಿ ಎರಡು ಹನಿ ಬಿದ್ದಿತ್ತು. ಅದು ಯಾವಾಗ ಬಿತ್ತೋ ದೇವರಿಗೇ ಗೊತ್ತು.

"ಉಜ್ರಿ ಅಣ್ಣ. ಬಿಸಿ ಬಂತಾ?"

"ಬಂತು."

"ಅದು ಎಣ್ಣೆ ಬಿಸಿ ಅಲ್ಲ, ನಿಮ್ಮ ನೋವು ಹೊರಗೆ ಬರ್ತಾ ಇರೋ ಬಿಸಿ!"

ಇಂಥ ಮಾತು ಇಷ್ಟು ವರ್ಷದ ವ್ಯಾಪಾರದಲ್ಲಿ ನನಗೆ ಹೊಳೆದಿರಲಿಲ್ಲ. ಆ ಮಾತಿಗೇ ಎರಡು ಬಾಟಲಿ ಕೊಂಡೆ.

ಹರಿಹರದಲ್ಲಿ ಅಕ್ಕನ ಬೆಳ್ಳುಳ್ಳಿ ಎಣ್ಣೆಯೂ ಆಯಿತು. ಇನ್ನೂ ಒಂದು ಸಿಕ್ಕಿತು, ಅದು ಮನೆಯ ಮಗ್ಗುಲಲ್ಲೇ ಇತ್ತು. ನಮ್ಮ ಓಣಿಯ ಕೊನೆಗೆ ದಾದಾಪೀರಣ್ಣನ ಮಂಡಕ್ಕಿ ಭಟ್ಟಿ. ಅಕ್ಕಿಯನ್ನು ಕಾದ ಮರಳಿನಲ್ಲಿ ಹುರಿದರೆ ಮಂಡಕ್ಕಿ ಅರಳುತ್ತದೆ. ನಾನು ಗೋಡೆ ಹಿಡಿದುಕೊಂಡು ನಡೆಯುವುದನ್ನು ನೋಡಿ ಅವನು, "ಕೊಟ್ರೇಶಣ್ಣ, ನಮ್ಮ ಮರಳು ಒಂದು ಗಂಟು ಕಟ್ಟಿಕೊಂಡು ಹೋಗ್ರಿ, ಸೊಂಟಕ್ಕೆ ಶಾಖ ಕೊಡ್ರಿ. ಬಿಸಿ ನೋಡ್ಕಂಡು ಇಡ್ಬೇಕು ಮತ್ತ" ಅಂದ. ಬಟ್ಟೆಗೆ ನಮ್ಮಲ್ಲಿ ಬರವೇ? ದಪ್ಪನೆಯ ಹತ್ತಿ ತುಂಡು ತಂದು ಮರಳು ಕಟ್ಟಿ, ಹೊಟ್ಟೆ ಕೆಳಗೆ ಮಾಡಿ ಮಲಗಿ, ರತ್ನನ ಕೈಯಲ್ಲಿ ಸೊಂಟದ ಮೇಲೆ ಇಡಿಸಿಕೊಂಡೆ. ಅಬ್ಬಬ್ಬಾ! ಆ ಸುಖ ಏನು ಹೇಳಲಿ! ಬಿಗಿದುಕೊಂಡಿದ್ದ ಸೊಂಟ ನಿಧಾನವಾಗಿ ಸಡಿಲವಾಯಿತು. ಆ ದಿನ ನಾನು ಬೋರಲು ಮಲಗಿದಲ್ಲೇ ಗೊರಕೆ ಹೊಡೆದೆನಂತೆ.

ಸುಖ ಕಂಡವನು ಸುಮ್ಮನಿರಬೇಕಲ್ಲ? ಬರೀ ಮರಳೇ ಇಷ್ಟು ಮಾಡಿದರೆ, ಕೆಳಗೆ ಹಸಿರು ಎಣ್ಣೆ ಹಚ್ಚಿ ಮೇಲೆ ಮರಳು ಇಟ್ಟರೆ? ಒಂದು ಸೀರೆಗೆ ಎರಡು ಅಂಚು! ಹಾಗೇ ಶುರುಮಾಡಿದೆ.

ಅಷ್ಟರಲ್ಲಿ ನೋವು ಜಾಗ ಬದಲಾಯಿಸತೊಡಗಿತ್ತು. ಸೊಂಟದಿಂದ ಎಡಗಡೆ ಪಿರ್ರೆಗೆ, ಅಲ್ಲಿಂದ ತೊಡೆಗೆ, ತೊಡೆಯಿಂದ ಮೀನಖಂಡದ ಹೊರಮಗ್ಗುಲಿಗೆ ಇಳಿಯಿತು. ಮೊದಮೊದಲು ಮಿಂಚು ಹೊಡೆದ ಹಾಗೆ ಹೊಡೆಯುತ್ತಿದ್ದ ಕಾಲು ಆಮೇಲಾಮೇಲೆ ತಣ್ಣಗಾಯಿತು. ನನಗೆ ಎಲ್ಲಿಲ್ಲದ ಉತ್ಸಾಹ. ನೋವು ಇಳಿಯುತ್ತಿದೆ! ಮೇಲಿನಿಂದ ಕೆಳಗೆ ಬಂದಿದೆ, ಪಾದ ಮುಟ್ಟಿದರೆ ಬೆರಳಿನಿಂದ ಹೊರಗೆ ಹೋಗಿಬಿಡುತ್ತದೆ! ಈ ಲೆಕ್ಕ ನನಗೆ ಯಾರೂ ಹೇಳಿಕೊಟ್ಟಿದ್ದಲ್ಲ, ನನ್ನದೇ ತಲೆ.

ಮುಂದಿನ ಸಲ ಹರಿಹರಕ್ಕೆ ಹೋದಾಗ ಗಂಗಕ್ಕ ಬಾಗಿಲಲ್ಲೇ ನಿಂತು ನನ್ನ ಕಾಲು ನೋಡಿದಳು.

"ತಮ್ಮಾ, ಎಡಗಾಲಿನ ಚಪ್ಪಲಿ ಎಲ್ಲೋ?"

ನೋಡಿಕೊಂಡೆ. ಬಲಗಾಲಲ್ಲಿ ಚಪ್ಪಲಿ ಇತ್ತು, ಎಡಗಾಲು ಬರಿಗಾಲು. ಬಸ್ಸು ಇಳಿಯುವಾಗಲೋ ರಸ್ತೆಯಲ್ಲೋ ಕಳಚಿಹೋಗಿತ್ತು, ಬಿಸಿಲಲ್ಲಿ ಅಷ್ಟು ದೂರ ನಡೆದು ಬಂದರೂ ನನಗೆ ಗೊತ್ತೇ ಆಗಿರಲಿಲ್ಲ. ನಾನು ನಕ್ಕುಬಿಟ್ಟೆ. "ನೋವು ಪಾದಕ್ಕೆ ಇಳಿದೈತೆ ಅಕ್ಕ. ಇನ್ನೇನು ಹೊರಗೆ ಹೋಗೋದೊಂದೇ ಬಾಕಿ."

"ಇಳಿಯಾಕೆ ಅದೇನು ಚೇಳಿನ ವಿಷನಾ?" ಅಂದಳು. ಅವಳು ನಗಲಿಲ್ಲ. "ನೀನು ಕಾಲು ಎಳದು ಹಾಕ್ತಿದ್ದಿ. ಓಣಿ ತುದಿಯಿಂದ ನೋಡಾಕತ್ತೀನಿ. ದವಾಖಾನಿಗೆ ಹೋಗೋ."

ಹೋಗುವವನು ನಾನೇ? ಭಾವನ ಚಪ್ಪಲಿ ಹಾಕಿಕೊಂಡು ವಾಪಸು ಬಂದೆ. ಮರುದಿನ ಅಂಗಡಿಯಲ್ಲಿ ಹಸಿರು ಎಣ್ಣೆಯ ಪ್ರಚಾರಕ್ಕೆ ಇಳಿದೆ. ಸೀರೆ ಮಾರುವ ನಾಲಿಗೆ, ಎಣ್ಣೆ ಮಾರಲು ಎಷ್ಟು ಹೊತ್ತು? ಜೊತೆಯವರೆಲ್ಲ ತರಿಸಿಕೊಂಡರು. ಸಾಹುಕಾರ್ರು ಕೂಡ ಗಲ್ಲಾಪೆಟ್ಟಿಗೆ ಪಕ್ಕ ಒಂದು ಬಾಟಲಿ ಇಟ್ಟುಕೊಂಡು ಕತ್ತಿಗೆ ಸವರಿಕೊಳ್ಳತೊಡಗಿದರು. ಇಡೀ ಅಂಗಡಿ ಘಮ್ಮೆನ್ನುತ್ತಿತ್ತು. ಆ ವಾಸನೆಗೆ ಸೀರೆ ನೋಡಲು ಬಂದವರೊಬ್ಬರು ಸೀನಿ ಸೀನಿ ಎದ್ದು ಹೋದರು.

ಒಂದು ಸಂಜೆ ಎಣ್ಣೆ ಹಚ್ಚಿ ಮಗ್ಗುಲಾಗಿ ಮಲಗಿದ್ದೆ. ರತ್ನ ಮರಳಿನ ಗಂಟನ್ನು ನನ್ನ ಮೀನಖಂಡದ ಮಗ್ಗುಲಿಗೆ ಇಟ್ಟು ಅಡುಗೆಮನೆಗೆ ಹೋದಳು. ತಿರುಗಿ ಬಂದು, "ಬಿಸಿ ಸಾಕಾ?" ಅಂದಳು.

"ಏನೂ ಸಾಲದು. ತಣ್ಣಗೈತೆ. ಇನ್ನೂ ಬಿಸಿ ಮರಳು ತಾ."

ಅವಳು ಗಂಟನ್ನು ತೆಗೆದು ತನ್ನ ಮುಂಗೈಗೆ ಒತ್ತಿ ನೋಡಿದಳು. ಹಾ ಅಂತ ಕೂಗಿ ಕೈ ಹಿಂದಕ್ಕೆ ಎಳೆದುಕೊಂಡಳು. ಆಮೇಲೆ ನನ್ನ ಕಾಲು ನೋಡಿದಳು. ಅಂಗೈ ಅಗಲ ಕೆಂಪಾಗಿ, ನಡುವೆ ದೊಡ್ಡ ಬೊಬ್ಬೆ ಎದ್ದಿತ್ತು. ನಾನೂ ಎದ್ದು ಕೂತು ನೋಡಿದೆ. ಹೇಳಿದರೆ ನೀವು ನಂಬುವುದಿಲ್ಲ, ನನಗೆ ಖುಷಿಯಾಯಿತು. "ನೋಡು ರತ್ನ! ಬೊಬ್ಬೆ ಬಂದ್ರೂ ನೋವಿಲ್ಲ! ಎಣ್ಣೆ ಅಂದ್ರೆ ಇದು!"

ಅವಳು ನನ್ನ ಕಾಲ ಬಳಿ ಕುಸಿದು ಕೂತಳು. ಬೆರಳಿನಿಂದ ನನ್ನ ಪಾದ ಚಿವುಟಿದಳು. "ಗೊತ್ತಾಗ್ತೈತಾ?"

"ಇಲ್ಲ."

"ಇಲ್ಲಿ?"

"ಇಲ್ಲ."

"ಸುಟ್ರೂ ಗೊತ್ತಾಗಲ್ಲ ಅಂದ್ರೆ ಅದು ವಾಸಿ ಆಗಿದ್ದಲ್ಲರೀ" ಅಂದಳು. ಅಷ್ಟು ಹೇಳುವಷ್ಟರಲ್ಲಿ ಅವಳಿಗೆ ಅಳು ಬಂದುಬಿಟ್ಟಿತು. ನನ್ನ ಹೆಂಡತಿ ಸುಲಭಕ್ಕೆ ಅಳುವವಳಲ್ಲ. ಅವಳ ಮುಖ ನೋಡಿದ ಮೇಲೇ ನನಗೆ ಮೊದಲ ಸಲ ಹೆದರಿಕೆಯಾದದ್ದು. ಹೆಬ್ಬೆರಳು ಎತ್ತಲು ನೋಡಿದೆ. ಬಲಗಾಲಿನದು ಎದ್ದಿತು. ಎಡಗಾಲಿನದು ಸುಮ್ಮನೆ ಬಿದ್ದಿತ್ತು, ಯಾರದೋ ಕಾಲಿನದು ಅನ್ನುವ ಹಾಗೆ.

ಮರುದಿನ ಬೆಳಿಗ್ಗೆ ದೊಡ್ಡಾಸ್ಪತ್ರೆ. ಹೊರಗಿನ ಬೆಂಚುಗಳಲ್ಲಿ ಕೂತವರೆಲ್ಲ ಸೊಂಟದವರು, ಮಂಡಿಯವರು, ಕತ್ತಿನವರು. ಅಲ್ಲಿನ ಗಾಳಿಯಲ್ಲಿ ನನಗೆ ಗೊತ್ತಿಲ್ಲದ ವಾಸನೆ ಒಂದೂ ಇರಲಿಲ್ಲ. ಕಣ್ಣು ಮುಚ್ಚಿಕೊಂಡೇ, ಇವರದು ಆ ಮುಲಾಮು, ಅವರದು ಈ ಎಣ್ಣೆ ಅಂತ ಹೇಳಬಲ್ಲವನಾಗಿದ್ದೆ. ಸೊಂಟದ ಬಿಗಿಗೆ ನನಗೆ ಕೂರಲು ಆಗುತ್ತಿರಲಿಲ್ಲ, ನಿಲ್ಲಲೂ ಆಗುತ್ತಿರಲಿಲ್ಲ. ಕೊಂಡಜ್ಜಿಯಿಂದ ಬಂದಿದ್ದ ಒಬ್ಬ ಹೆಂಗಸು ತನ್ನ ಚೀಲ ಎತ್ತಿಕೊಂಡು, ಪಕ್ಕದವರನ್ನೂ ಎಬ್ಬಿಸಿ, "ಆ ಅಣ್ಣಗೆ ಮಲಗಾಕೆ ಜಾಗ ಬಿಡ್ರಿ, ಮಕ ನೋಡ್ರಿ ಹೆಂಗಾಗೈತೆ" ಅಂದಳು. ಇಡೀ ಬೆಂಚು ನನಗೆ ಬಿಟ್ಟು ನಾಲ್ಕು ಜನ ನಿಂತರು. ಅವರಿಗೂ ನೋವಿತ್ತು. ಇವತ್ತಿಗೂ ಆ ನಾಲ್ವರನ್ನು ನೆನೆಯುತ್ತೇನೆ.

ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಬೊಬ್ಬೆ ನೋಡಿದರು, ಹತ್ತಿಯಿಂದ ಸವರಿ ಗೊತ್ತಾಗುತ್ತದೆಯೇ ಅಂತ ಕೇಳಿದರು, ಆಮೇಲೆ "ಹಿಮ್ಮಡಿ ಮೇಲೆ ನಾಲ್ಕು ಹೆಜ್ಜೆ ನಡೀರಿ" ಅಂದರು. ಬಲಪಾದದ ಮುಂಭಾಗ ಎದ್ದಿತು, ಎಡಪಾದ ಪಟ್ ಅಂತ ನೆಲಕ್ಕೆ ಬಿತ್ತು. ರತ್ನ ಬಾಯಿಗೆ ಸೆರಗು ಒತ್ತಿಕೊಂಡಳು.

"ಇಷ್ಟು ದಿನ ಏನು ಹಚ್ಚಿದ್ರಿ?" ಅಂತ ಕೇಳಿದರು. ನಾನು ಶುರುಮಾಡಿದೆ. ಮುಲಾಮು, ಅಂಟುಪಟ್ಟಿ, ಎಕ್ಕದ ಎಲೆ, ಕರ್ಪೂರ, ಕುಸುಬಿ ಎಣ್ಣೆ ಬೆಳ್ಳುಳ್ಳಿ ಅನ್ನುವಷ್ಟರಲ್ಲಿ ಅವರು ಬರೆಯುವುದನ್ನು ನಿಲ್ಲಿಸಿ ಪೆನ್ನು ಕೆಳಗಿಟ್ಟರು. ಮಂಡಕ್ಕಿ ಭಟ್ಟಿ ಮರಳಿಗೆ ಬರುವಾಗ ನಗು ತಡೆಯಲು ಕಿಟಕಿಯ ಕಡೆ ತಿರುಗಿದರು.

"ಹಚ್ಚಿದ್ದಕ್ಕೆ ನಾನು ಬೈಯಲ್ಲ" ಅಂದರು. "ಶಾಖ ಒಳ್ಳೇದೇ. ಎಣ್ಣೆ ಮುಲಾಮಿನ ಮೇಲೆ ಶಾಖ ಇಟ್ರಲ್ಲ, ಅದು ತಪ್ಪು. ಅದಕ್ಕಿಂತ ದೊಡ್ಡ ತಪ್ಪು ಜೋಮು ಬಂದಿದ್ದನ್ನ ಗುಣ ಆಯ್ತು ಅಂದ್ಕೊಂಡಿದ್ದು. ಬೆನ್ನಲ್ಲಿ ನರ ಒತ್ತಿಕೊಂಡಿದೆ ಅನ್ಸುತ್ತೆ. ಸ್ಕ್ಯಾನ್ ಮಾಡಿಸಿ ನೋಡೋಣ."

ಸ್ಕ್ಯಾನಿನ ಕೊಳವೆಯೊಳಗೆ ಮಲಗಿದ್ದಾಗ ಅದು ಮಗ್ಗದ ಹಾಗೆ ಲಟಲಟ ಅಂತ ಬಡಿಯುತ್ತಿತ್ತು. ಅಲ್ಲಾಡಬೇಡಿ ಅಂದಿದ್ದರು. ಮನಸ್ಸಿನಲ್ಲೇ ಒಂದೊಂದೇ ಸೀರೆ ಬೀಸುತ್ತ ಮಲಗಿದೆ. ಇಳಕಲ್ ಸೀರೆ, ಮೊಳಕಾಲ್ಮೂರು ಸೀರೆ, ಧಾರೆಯ ಬಿಳಿ ಸೀರೆ. ಇದೆಲ್ಲ ಇನ್ನು ಬರೀ ಮನಸ್ಸಿನಲ್ಲೇ ಏನೋ ಅನ್ನಿಸಿ ಕಣ್ಣೀರು ಕಿವಿಯೊಳಗೆ ಇಳಿಯಿತು. ಒರೆಸಿಕೊಳ್ಳಲು ಕೈ ಎತ್ತುವಂತಿರಲಿಲ್ಲ.

ಸ್ಕ್ಯಾನು ನೋಡಿ ಡಾಕ್ಟರು ಮುಚ್ಚುಮರೆ ಮಾಡದೆ ಹೇಳಿದರು. ಡಿಸ್ಕು ಜಾರಿ ನರ ಒತ್ತಿದೆ, ಪಾದದ ಶಕ್ತಿ ಕಡಿಮೆಯಾಗಿದೆ. ಕೆಲವು ವಾರ ಮಾತ್ರೆ, ವ್ಯಾಯಾಮ ಮಾಡಿ ನೋಡೋಣ. ಹೆಬ್ಬೆರಳು ಏಳತೊಡಗಿದರೆ ಸರಿ. ಇನ್ನೂ ಸೋತರೆ ಆಪರೇಷನ್ನು. ಮೂತ್ರಕ್ಕೆ ತೊಂದರೆಯಾದರೆ, ಕೂರುವ ಜಾಗದಲ್ಲಿ ಜೋಮು ಬಂದರೆ ಒಂದು ಗಂಟೆಯನ್ನೂ ಕಳೆಯದೆ ಓಡಿ ಬರಬೇಕು. ಮತ್ತೆ, ನಾನು ಯಾವ ಮಾತಿಗೆ ಹೆದರಿ ಇಷ್ಟು ದಿನ ಎಣ್ಣೆ ಹಚ್ಚುತ್ತಿದ್ದೆನೋ ಅದನ್ನೂ ಅಂದರು: "ನೆಲದ ಮೇಲೆ ಕೂತು ಬಗ್ಗೋ ಕೆಲಸ ಇನ್ನು ಬೇಡ. ಗುಣ ಆದ ಮೇಲೂ ಬೇಡ."

ನನಗೆ ಆಪರೇಷನ್ನಿಗಿಂತ ಆ ಮಾತೇ ದೊಡ್ಡದಾಗಿ ಕೇಳಿಸಿತು. ಕೊನೆಗೆ ಹೊರಗೆ ಬರುವಾಗ, "ಅಮ್ಮಾ, ಹಚ್ಚೋಕೆ ಏನಾದ್ರೂ ಕೊಡ್ರಿ" ಅಂದೆ. ಅವರು ನಕ್ಕರು. ಒಂದು ಜೆಲ್ಲಿನ ಹೆಸರು ಬರೆದು, ಸರ್ಕಾರದ ಅಗ್ಗದ ಔಷಧಿ ಅಂಗಡಿಯಲ್ಲಿ ತೆಗೆದುಕೊಳ್ಳಿ, ಸೊಂಟಕ್ಕೆ ಮಾತ್ರ ಹಚ್ಚಿ, ಬೊಬ್ಬೆ ಇದ್ದ ಕಡೆ ಬೇಡ, ಹಚ್ಚಿದ ಮೇಲೆ ಶಾಖ ಬೇಡ ಅಂದರು. ಆ ಅಂಗಡಿಗೆ ಹೋಗಿ ಕೊಂಡರೆ, ಅಯ್ಯೋ ದೇವರೆ, ಬೆಣ್ಣೆ ದೋಸೆ ತಿಂದಷ್ಟೂ ಖರ್ಚಾಗಲಿಲ್ಲ! ಘಾಟಿಲ್ಲ, ಬಣ್ಣವಿಲ್ಲ, ಬಿಸಿಯೂ ಇಲ್ಲ. ಇದು ಎಂಥ ಔಷಧಿ ಅಂತ ನನಗೆ ಅನುಮಾನ. ಹಚ್ಚಿದ ಮೇಲೆ ಸೊಂಟದ ಬಿಗಿ ಸ್ವಲ್ಪ ತಗ್ಗುತ್ತಿತ್ತು, ವ್ಯಾಯಾಮ ಮಾಡುವಷ್ಟಕ್ಕೆ ಧೈರ್ಯ ಕೊಡುತ್ತಿತ್ತು. ಅದರ ಕೆಲಸ ಅಷ್ಟೇ, ಅಷ್ಟನ್ನು ಸರಿಯಾಗಿ ಮಾಡಿತು.

ಆ ವಾರಗಳು ನಿಜಕ್ಕೂ ಕೆಟ್ಟ ವಾರಗಳು. ನಿಜಲಿಂಗಪ್ಪ ಬಡಾವಣೆಯಲ್ಲಿ ವ್ಯಾಯಾಮ ಹೇಳಿಕೊಡುವವರ ಹತ್ತಿರ ಹೋಗಿ ಕಲಿತು ಬಂದು ಮನೆಯಲ್ಲಿ ಬೋರಲು ಮಲಗಿ ಎದೆ ಎತ್ತುವುದು, ಮೊಣಕಾಲು ಮಡಚುವುದು. ದಿನಾ ಬೆಳಿಗ್ಗೆ ರತ್ನ ಬಂದು ನನ್ನ ಕಾಲ ಬುಡದಲ್ಲಿ ನಿಂತು, "ಎತ್ರಿ ನೋಡಾಣ" ಅನ್ನುತ್ತಿದ್ದಳು. ನಾನು ಹಲ್ಲು ಕಚ್ಚಿ ಎತ್ತುತ್ತಿದ್ದೆ. ಹುಬ್ಬು ಏಳುತ್ತಿತ್ತು, ಭುಜ ಏಳುತ್ತಿತ್ತು, ಹೆಬ್ಬೆರಳು ಏಳುತ್ತಿರಲಿಲ್ಲ. "ನಾಳೆ ಏಳ್ತೈತೆ ಬಿಡ್ರಿ" ಅಂದು ಅವಳು ಒಲೆಯ ಕಡೆ ತಿರುಗಿಬಿಡುತ್ತಿದ್ದಳು, ಮುಖ ತೋರಿಸುತ್ತಿರಲಿಲ್ಲ.

ಗಂಗಕ್ಕ ಹರಿಹರದಿಂದ ಲಕ್ಕಿ ಸೊಪ್ಪಿನ ಹೊರೆಯೊಂದಿಗೆ ಬಂದಳು. ಸುಟ್ಟ ಗಾಯ ಮಾಯುವವರೆಗೆ ಆ ಸೊಪ್ಪನ್ನು ಮುಟ್ಟಲು ರತ್ನ ಬಿಡಲಿಲ್ಲ. ಮಾಯ್ದ ಮೇಲೆ ಡಾಕ್ಟರನ್ನೇ ಕೇಳಿ ಬಂದು, ಸೊಪ್ಪು ಕುದಿಸಿದ ನೀರಲ್ಲಿ ಟವೆಲು ಅದ್ದಿ ಹಿಂಡಿ, ಮೊದಲು ತನ್ನ ಮುಂಗೈಗೆ ಒತ್ತಿ ನೋಡಿ, ಆಮೇಲೆ ನನ್ನ ಸೊಂಟಕ್ಕೆ ಹಾಕುತ್ತಿದ್ದಳು. ಅಕ್ಕ ಪಕ್ಕದಲ್ಲಿ ಕೂತು, "ನಾನು ಹೇಳಿದಾಗಲೇ ಹೋಗಿದ್ರೆ" ಅಂತ ಶುರುಮಾಡಿ ಅರ್ಧಕ್ಕೇ ನಿಲ್ಲಿಸಿ ನನ್ನ ತಲೆ ಸವರುತ್ತಿದ್ದಳು.

ಸಾಹುಕಾರ್ರೂ ಮೋಸಂಬಿ ಹಿಡಿದುಕೊಂಡು ನೋಡಲು ಬಂದರು. ಕುರ್ಚಿಯಲ್ಲಿ ಕೂತು ಬಹಳ ಹೊತ್ತು ಮಳೆ ಬೆಳೆ ಮಾತಾಡಿದರು. ಆಮೇಲೆ, "ನಿನ್ನ ಜಾಗದಾಗೆ ಯಾರನ್ನೂ ಕೂರ್ಸಿಲ್ಲ ಕೊಟ್ರೇಶಿ. ಬೇಗ ಬಾ" ಅಂದರು.

"ಗಾದಿ ಮೇಲೆ ಕೂರಬ್ಯಾಡ ಅಂದಾರ್ರಿ ಸಾಹುಕಾರ್ರೆ. ಇನ್ನು ಯಾವತ್ತಿಗೂ."

ಅವರು ಎದ್ದು ಹೋಗುವಾಗ ಮೋಸಂಬಿ ಚೀಲವನ್ನು ಕೈಯಲ್ಲೇ ಹಿಡಿದು ಬಾಗಿಲವರೆಗೆ ಹೋಗಿ, ನೆನಪಾಗಿ ತಿರುಗಿ ಬಂದು ಇಟ್ಟರು. ಗೋದಾಮಿನ ಕೆಲಸ ಗಟ್ಟಿ ಅಂದುಕೊಂಡೆ.

ಆಮೇಲೆ ಆ ಬೆಳಿಗ್ಗೆ ಬಂತು! ರತ್ನ ಕಾಲ ಬುಡದಲ್ಲಿ ಈರುಳ್ಳಿ ಹೆಚ್ಚುತ್ತ ಕೂತಿದ್ದಳು, ನನ್ನ ಕಡೆ ನೋಡದೆ, "ಎತ್ರಿ ನೋಡಾಣ" ಅಂದಳು. ಎತ್ತಿದೆ. ಹೆಬ್ಬೆರಳಿನ ತುದಿ ಒಂದಿಷ್ಟು ನಡುಗಿತು. ಭ್ರಮೆ ಇರಬೇಕು ಅಂತ ಇನ್ನೊಮ್ಮೆ ಎತ್ತಿದೆ. ಎದ್ದಿತು! ಒಂದು ಕಾಳಿನಷ್ಟು, ಆದರೆ ಎದ್ದಿತು! "ರತ್ನಾ!" ಅಂತ ನಾನು ಕೂಗಿದ ಕೂಗಿಗೆ ಅವಳು ಈಳಿಗೆಮಣೆ ತಳ್ಳಿ ಎದ್ದಳು. "ಇನ್ನೊಮ್ಮೆ, ಇನ್ನೊಮ್ಮೆ!" ಅಂತ ಅವಳು ಚೀರುವುದು, ನಾನು ಎತ್ತುವುದು. ಈರುಳ್ಳಿಗೋ ಬೆರಳಿಗೋ ಇಬ್ಬರ ಕಣ್ಣಲ್ಲೂ ನೀರು. ನಮ್ಮ ಗದ್ದಲ ಕೇಳಿ ಯಾರಿಗೋ ಏನೋ ಆಯಿತು ಅಂತ ದಾದಾಪೀರಣ್ಣ ಭಟ್ಟಿಯಿಂದ ಜಾಲರಿ ಹಿಡಿದುಕೊಂಡೇ ಓಡಿ ಬಂದ. ವಿಷಯ ತಿಳಿದು ಅವನೂ ಬಗ್ಗಿ ನನ್ನ ಹೆಬ್ಬೆರಳು ನೋಡಿದ. "ಎದ್ದೈತೆ ನೋಡ್ರಿ, ಎದ್ದೈತೆ!" ಅಂತ ಓಣಿಗೆಲ್ಲ ಸಾರಿ, ಒಂದು ಚೀಲ ಬಿಸಿ ಮಂಡಕ್ಕಿ ತಂದು ಕೊಟ್ಟ. ನನ್ನ ಹೆಬ್ಬೆರಳ ಹೆಸರಲ್ಲಿ ಅವತ್ತು ಅರ್ಧ ಓಣಿ ಮಂಡಕ್ಕಿ ತಿಂದಿತು.

ಡಾಕ್ಟರು ಆಪರೇಷನ್ನು ಬೇಡ ಅಂದರು. ದಿನದಿನಕ್ಕೂ ಬೆರಳು ಇನ್ನಷ್ಟು ಎದ್ದಿತು, ಪಾದ ಎದ್ದಿತು. ಜೋಮು ಪೂರ್ತಿ ಹೋಗಿಲ್ಲ, ಪಾದದ ಮೇಲೆ ಒಂದು ಕಡೆ ಈಗಲೂ ಬಟ್ಟೆ ಸುತ್ತಿದ ಹಾಗೆ ಅನ್ನಿಸುತ್ತದೆ. ಅದರ ಜೊತೆ ಬಾಳುವುದು ಕಲಿತಿದ್ದೇನೆ. ಹೊರಗೆ ಹೋಗುವಾಗ ಹಿಂಬದಿಗೆ ಪಟ್ಟಿ ಇರುವ ಚಪ್ಪಲಿ ಹಾಕುತ್ತೇನೆ.

ಅಂಗಡಿಗೆ ವಾಪಸು ಹೋದ ದಿನ ಒಳಗೆ ಕಾಲಿಟ್ಟವನು ನಿಂತುಬಿಟ್ಟೆ. ಗಾದಿಯ ತುದಿಯಲ್ಲಿ, ನಾನು ಕೂರುತ್ತಿದ್ದ ಜಾಗದಲ್ಲಿ, ಬಟ್ಟೆ ಕತ್ತರಿಸುವ ಉದ್ದನೆಯ ಮೇಜು ತಂದು ಹಾಕಿದ್ದರು. ಮೇಲೆ ಬಿಳಿ ಹೊದಿಕೆ, ಅಂಚಿಗೆ ಕುಂಕುಮ, ಒಂದು ಹೂವು. ಮುಂದೆ ನಾಲ್ಕು ಕುರ್ಚಿ. ಜೊತೆಯವರೆಲ್ಲ ನನ್ನ ಮುಖವನ್ನೇ ನೋಡುತ್ತಿದ್ದರು. ಸಾಹುಕಾರ್ರು ಗಲ್ಲಾದಿಂದ ತಲೆ ಎತ್ತದೆ, "ತರಕಾರಿನೇ ಮಾರು ಹೋಗು" ಅಂದರು. ದನಿ ಒಡೆದಿತ್ತು.

ಮೊದಲ ಗಿರಾಕಿ ಆನಗೋಡಿನ ಕಡೆಯವರು, ಮದುವೆ ಜವಳಿ. ಹೆಂಗಸರು ಗಂಡಸರು ಎಲ್ಲ ಎಂದಿನಂತೆ ಗಾದಿಗೆ ಹೋಗಿ ಕೂತರು. ಅವರ ಜೊತೆ ಒಬ್ಬ ಮುದುಕಿ, ಹುಡುಗಿಯ ಅಜ್ಜಿ. ಸೊಂಟ ಪೂರ್ತಿ ಬಾಗಿದೆ. ಬಾಗಿಲ ಹತ್ತಿರವೇ ನಿಂತು, "ನಾನು ಇಲ್ಲೇ ಇರ್ತೀನವ್ವ, ನೀವು ನೋಡ್ರಿ" ಅಂದಳು. ನಾನು ಹೋಗಿ ಕೈ ಹಿಡಿದು ಕರೆದುಕೊಂಡು ಬಂದು ಮೇಜಿನ ಮುಂದೆ ಕುರ್ಚಿಯಲ್ಲಿ ಕೂರಿಸಿದೆ. ನಾನು ನಿಂತೇ ಇರುವುದನ್ನು ನೋಡಿ ಅವಳು, "ನಿಂದೂ ಸೊಂಟನಾ ತಮ್ಮ?" ಅಂದಳು.

"ಹೌದಜ್ಜಿ. ನಂದೂ ಸೊಂಟನೇ."

"ಯಾವ ಎಣ್ಣೆ ಹಚ್ಚಿದ್ಯಪ್ಪ? ನಂಗೂ ಹೇಳು."

ಜೊತೆಯವರೆಲ್ಲ ಕಿವಿ ನೆಟ್ಟಗೆ ಮಾಡಿದರು, ಇವನು ಶುರುಮಾಡಿದ ಅಂತ. ನಾಲಿಗೆ ತುದಿಗೆ ಬಂದದ್ದನ್ನು ನಾನು ನುಂಗಿಕೊಂಡೆ. "ಅಜ್ಜಿ, ಕಾಲು ಜೋಮು ಐತಾ? ಚಪ್ಪಲಿ ಕಳಚಿ ಹೋದ್ರೆ ಗೊತ್ತಾಗ್ತೈತಾ?" ಅಂತ ಕೇಳಿದೆ. "ಅಯ್ಯ, ಇರುವೆ ಹರಿದ್ರೂ ಗೊತ್ತಾಗ್ತೈತೆ" ಅಂದಳು. ಹಾಗಿದ್ದರೂ ಒಮ್ಮೆ ಡಾಕ್ಟರಿಗೆ ತೋರಿಸು, ಅವರು ಹೂಂ ಅಂದರೆ ಅಗ್ಗದ ಅಂಗಡಿಯ ಜೆಲ್ಲು ಸಾಕು, ಶಾಖ ಕೊಟ್ಟರೆ ಬರೀ ಶಾಖ ಕೊಡು ಅಂದೆ. ಅಷ್ಟು ಸಣ್ಣ ಮಾತಿಗೆ ನನಗೆ ಎಷ್ಟು ಸಮಾಧಾನವಾಯಿತು ಅಂದರೆ, ಆ ದಿನ ಒಂದು ಸೀರೆ ಮಾರದಿದ್ದರೂ ನಡೆಯುತ್ತಿತ್ತು.

"ಆತು ಬಿಡು, ಸೀರೆ ತೋರ್ಸು" ಅಂದಳು ಅಜ್ಜಿ.

ನಿಂತು ಬೀಸಿ ನನಗೆ ಅಭ್ಯಾಸವಿರಲಿಲ್ಲ. ಎಡಗಾಲು ಗಟ್ಟಿಯಾಗಿ ಊರಿದೆ, ಬೆನ್ನು ನೆಟ್ಟಗೆ ಇಟ್ಟೆ, ಒಂದು ಹಸಿರು ಧಾರೆ ಸೀರೆ ತೆಗೆದು ಉಸಿರು ಬಿಗಿಹಿಡಿದು ಬೀಸಿದೆ. ಎತ್ತರದಿಂದ ಬೀಸಿದ ಸೀರೆ ಗಾಳಿಯಲ್ಲಿ ಪೂರ್ತಿ ಬಿಚ್ಚಿಕೊಂಡು ಮೇಜಿನ ಉದ್ದಕ್ಕೂ ಹರಿದು, ಸೆರಗು ಬಂದು ಅಜ್ಜಿಯ ಎರಡೂ ಕೈಗಳ ಮೇಲೆ ಬಿತ್ತು. ಗಾದಿಯ ಮೇಲಿದ್ದವರೆಲ್ಲ ಎದ್ದು ಮೇಜಿನ ಸುತ್ತ ಬಂದರು. ಅಜ್ಜಿ ಅಂಚನ್ನು ಸವರಿದಳು, ಜರಿಯ ಮೇಲೆ ಬೆರಳಾಡಿಸಿದಳು, ಸೆರಗನ್ನು ಕೆನ್ನೆಗೆ ಒತ್ತಿಕೊಂಡಳು.

"ಬಗ್ಗದಂಗೆ ಸೀರೆ ಮುಟ್ಟಿ ಎಷ್ಟು ವರ್ಷ ಆಗಿತ್ತೋ ತಮ್ಮ" ಅಂದಳು. "ನಾನು ಜವಳಿಗೆ ಬಂದ್ರೂ ಬಾಗ್ಲಾಗೇ ನಿಂದ್ರುತಿದ್ದೆ. ಇನ್ನೊಂದು ತೋರ್ಸು."

ನಾನು ಇನ್ನೊಂದು ಬೀಸಿದೆ.